ಆಸ್ಪತ್ರೆ ಬಿಲ್ಲನ್ನೂ ಬೆಳೆಯ ಲೆಕ್ಕಕ್ಕೆ ಬರೆಯಿರಿ

(ನವುಲೆಯಲ್ಲಿ ಕೃಷಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಹೈಸ್ಕೂಲು ದಾಟದವನ ಕೈಗೆ ಮೈಕು ಕೊಟ್ಟಿದ್ದೀರಿ. ಇನ್ನು ಕೇಳಿಸಿಕೊಳ್ಳುವುದು ನಿಮ್ಮ ಪಾಡು.

1980ರಲ್ಲಿ ರೈತಸಂಘ ಹುಟ್ಟಿದ ಮೇಲೆ ಎಷ್ಟೋ ಊರಬಾಗಿಲಲ್ಲಿ ಬೋರ್ಡು ನಿಂತಿತು: ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು. ಕೊನೆಯ ವರ್ಷ ಗ್ರಾಮೀಣ ಕಾರ್ಯಾನುಭವ ಅಂತ ಬರುತ್ತೀರಲ್ಲ, ನಿಮಗೆ ಆ ಬೋರ್ಡಿಲ್ಲ, ಬನ್ನಿ. ಆದರೆ ಬಂದು ಏನು ಕೇಳುತ್ತೀರಿ ಅನ್ನೋದರ ಮೇಲೆ ನನ್ನ ತಕರಾರಿದೆ.

ಹಿಂದೊಮ್ಮೆ ನಮ್ಮೂರಿಗೆ ಬಂದ ಹುಡುಗರು ಗುಡಿ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದರು. ಕೆರೆ, ನಾಲೆ, ಗದ್ದೆ, ತೋಟ, ಸೊಸೈಟಿ ಎಲ್ಲಾ ಚೆನ್ನಾಗಿ ಬಂತು. ಒಬ್ಬ ಅಜ್ಜಿ, "ಆಸ್ಪತ್ರೆ ಎಲ್ಲಿ ಮಗಾ?" ಅಂದಳು. "ಅದು ಅಂಗಳದಿಂದ ಆಚೆ ಹೋಗುತ್ತೆ ಅಜ್ಜೀ" ಅಂದ ಹುಡುಗ. ಎಲ್ಲರೂ ನಕ್ಕರು. ನಕ್ಕ ಮೇಲೆ ಅದನ್ನು ಪುಸ್ತಕದಲ್ಲಿ ಯಾರೂ ಬರೆದುಕೊಳ್ಳಲಿಲ್ಲ.

ನಮ್ಮ ಕೇರಿಯಲ್ಲಿ ಎರಡೆಕರೆ ಗದ್ದೆಯವನೊಬ್ಬನಿದ್ದಾನೆ. ಹೆಂಡತಿಗೆ ಆಪರೇಷನ್ ಆಯ್ತು. ನಾಟಿಗೆಂದು ಎತ್ತಿದ ದುಡ್ಡು ಆಸ್ಪತ್ರೆಗೆ ಹೋಯ್ತು, ನಾಟಿಗೆ ಕೈಸಾಲ ಬಂತು. ಸೊಸೈಟಿ ಪುಸ್ತಕ ತೆಗೆದು ನೋಡಿ, ಅಲ್ಲಿ ಇರೋದು ಬೆಳೆಸಾಲ ಅಂತಲೇ. ಸಾಲಮನ್ನಾ ಮಾತು ಬಂದಾಗ ಪೇಟೆಯವರು, ರೈತರು ಮದುವೆಗೆ ಸುರಿದು ಬೆಳೆಯ ಹೆಸರು ಹೇಳ್ತಾರೆ ಅಂತಾರೆ. ಅವರ ಮುಂದಿಡೋಕೆ ನಮ್ಮ ಕೈಲಿ ಕಾಗದ ಇಲ್ಲ. ಅದನ್ನು ಬರೆಯೋಕೆ ಓದಿದವರು ಬೇಕು.

ಬೆಂಬಲ ಬೆಲೆಯ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎ-2 ಅಂದರೆ ಕೈಯಿಂದ ಕೊಟ್ಟ ಖರ್ಚು, ಎಫ್.ಎಲ್. ಅಂದರೆ ಮನೆಯವರ ದುಡಿಮೆ, ಸಿ-2ರಲ್ಲಿ ಸ್ವಂತ ಭೂಮಿಯ ಗೇಣಿ, ಬಂಡವಾಳದ ಬಡ್ಡಿಯೂ ಸೇರುತ್ತದೆ. ಮನೆಯವರು ದುಡಿದ ದಿನಕ್ಕೆ ಲೆಕ್ಕವಿದೆ, ಜ್ವರದಲ್ಲಿ ಮಲಗಿದ ದಿನಕ್ಕೆ ಯಾವ ಕಲಮೂ ಇಲ್ಲ. ಸ್ವಾಮಿನಾಥನ್ ಆಯೋಗ ಹೇಳಿದ ಒಂದೂವರೆ ಪಟ್ಟು ಕೊಟ್ಟರೂ ಆ ದಿನ ಹೊರಗೇ ಉಳಿಯುತ್ತೆ.

ಮಂಗನಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡದ್ದು. ದರಗು ತರೋಕೆ, ದನ ಮೇಯಿಸೋಕೆ ಕಾಡಿಗೆ ಹೋದವನಿಗೆ ಉಣುಗು ಕಚ್ಚಿ ಬರುತ್ತೆ. ಬರೋದು ಚಳಿಗಾಲದಿಂದ ಬೇಸಿಗೆಯವರೆಗೆ, ತೋಟಕ್ಕೆ ದರಗು ಹಾಕುವ ಹೊತ್ತಿಗೇ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಎಷ್ಟು ಮನೆ ಅತ್ತವು! ಹಳೇ ಲಸಿಕೆ ಫಲ ಕೊಡದೆ ನಿಂತಿತು. ಇದು ಡಾಕ್ಟರ ವಿಷಯ ಅಂತೀರಾ? ಅಡಿಕೆ ತೋಟದ ವಿಷಯವೂ ಹೌದು.

ಸರ್ಕಾರದ ನಿಯಮ ಒಂದಿದೆ: ಬಯಲಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ತಲೆ ಎಣಿಸುತ್ತಾರೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ತಲೆ ದಾಟೋದು ಹೇಗೆ ಅಂತ ಕೇಳೋರಿಲ್ಲ. ಕೇಳಿದರೆ ಆಗುತ್ತೆ ಅನ್ನೋದಕ್ಕೆ ಯಶಸ್ವಿನಿ ನೋಡಿ. 2003ರಲ್ಲಿ ಸಹಕಾರ ಸಂಘದ ಸದಸ್ಯರಿಗೆ ವರ್ಷಕ್ಕೆ 60 ರೂಪಾಯಿಗೆ ಬಂತು, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿಸಿದರು, ಬೇಕು ಬೇಕು ಅಂತ ಒತ್ತಾಯವಾಗಿ 2022ರಲ್ಲಿ ಮತ್ತೆ ಜಾರಿಗೆ ತಂದರು.

ಹಾಗಾಗಿ ಅಧ್ಯಾಪಕರಲ್ಲಿ ನನ್ನ ಅರಿಕೆ. ಸರ್ವೆಯಲ್ಲಿ ಔಷಧಿ ಖರ್ಚಿಗೆ, ಮಲಗಿದ ದಿನಕ್ಕೆ, ಆ ದುಡ್ಡು ಎಲ್ಲಿಂದ ತಂದರು ಅನ್ನೋದಕ್ಕೆ ಕಲಂ ಮಾಡಿಸಿ. ಯಾರ ಮನೆಗೆ ಯಾವ ಕಾಯಿಲೆ ಅಂತ ಹೆಸರು ಮಾತ್ರ ಹೊರಗೆ ಬಿಡಬೇಡಿ, ಹಳ್ಳಿಯಲ್ಲಿ ಹೆಣ್ಣು ಕೊಡೋದು ತರೋದು ನಿಂತುಹೋಗುತ್ತೆ. ಬರೆದದ್ದನ್ನು ಕಾಲೇಜಿನ ಬೀರುವಿಗೆ ಹಾಕದೆ ಗ್ರಾಮಸಭೆಯಲ್ಲಿ ಜೋರಾಗಿ ಓದಿಸಿ. ಠರಾವು ಹೇಗೆ ಬರೆಯೋದು, ಅದು ಯಾವ ಮೇಜಿಗೆ ಹೋಗುತ್ತೆ, ಯಾರ ಸಹಿಗೆ ಕಾಯುತ್ತೆ ಅನ್ನೋದನ್ನು ಹುಡುಗರೇ ಬೆನ್ನುಹತ್ತಿ ಕಲಿಯಲಿ. ಒಂದು ವರ್ಷದಲ್ಲಿ ಮುಗಿಯೋದಲ್ಲ. ಈ ತಂಡದ ಫೈಲು ಮುಂದಿನ ತಂಡದ ಕೈಗೆ ಹೋಗಲಿ. ಮಾರ್ಕ್ಸು ಬೇಕಾದರೆ ಅದಕ್ಕೂ ಕೊಡಿ!

ಮುಂದಿನ ತಂಡಕ್ಕೆ ನಮ್ಮೂರಲ್ಲಿ ಇಳಿದುಕೊಳ್ಳೋಕೆ ಜಾಗ ಉಂಟು, ಊಟಕ್ಕೆ ಮನೆಗಳುಂಟು. ಗ್ರಾಮಸಭೆ ತಾರೀಕು ವಿಚಾರಿಸಿಕೊಂಡು ಬನ್ನಿ. ನಕ್ಷೆಗೆ ದೊಡ್ಡ ಅಂಗಳ ನಾನು ಹುಡುಕಿಡ್ತೀನಿ.