ಗಾಬರಿಗೆ ಮದ್ಯ ಮದ್ದಲ್ಲ



ಉರ್ದುವಿನಲ್ಲಿ ಘಬರಾಹಟ್, ಕನ್ನಡದಲ್ಲಿ ಗಾಬರಿ. ಅದು ಎಲ್ಲರಿಗೂ ಆಗುವಂಥದ್ದೇ. ಆದರೆ ಕೆಲವೊಮ್ಮೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಕೈ ಜುಮ್ಮೆನ್ನುತ್ತದೆ, ಸತ್ತೇ ಹೋಗುತ್ತೇನೆ ಎನಿಸುತ್ತದೆ. ಇದೇ ಪ್ಯಾನಿಕ್ ಅಟ್ಯಾಕ್. ಬಿ.ಎಡ್. ಓದುವಾಗ ಅಭ್ಯಾಸ ಪಾಠದ ದಿನ ನನಗೂ ಹೀಗಾಗಿತ್ತು.

ಸಾಮಾನ್ಯವಾಗಿ ಇದು 10 ನಿಮಿಷದೊಳಗೆ ಏರಿ, ಬಳಿಕ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಗುಟ್ಟಾಗಿ ಕುಡಿದವನು ಮದ್ಯವೇ ತನ್ನನ್ನು ಉಳಿಸಿತೆಂದು ನಂಬುತ್ತಾನೆ. ಅಮಲು ಇಳಿದಾಗ ಗಾಬರಿ ಬಡ್ಡಿ ಸಮೇತ ಮರಳುತ್ತದೆ. ಮತ್ತೆ ಕುಡಿತ, ಮತ್ತೆ ಗಾಬರಿ.

ಹಾಗಾದರೆ ಏನು ಮಾಡಬೇಕು? ಎದೆನೋವಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಅದು ಗಾಬರಿಯೇ ಎಂದು ತಿಳಿದ ಮೇಲೆ, ಬಂದಾಗ ಓಡಬೇಡಿ. ಕುಳಿತು ನಿಧಾನವಾಗಿ ಉಸಿರೆಳೆದು, ಇನ್ನೂ ನಿಧಾನವಾಗಿ ಬಿಡಿ. 'ಇದು ಇಳಿಯುತ್ತದೆ' ಎಂದುಕೊಳ್ಳಿ. ಚಹಾ, ಕಾಫಿ ಕಡಿಮೆ ಮಾಡಿ. ಮತ್ತೆ ಮತ್ತೆ ಬಂದರೆ ಮನೋವೈದ್ಯರಲ್ಲಿ ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಸಲಹೆಯಂತೆಯೇ ಬಿಡಬೇಕು.

ಹಿರಿಯರಲ್ಲಿ ಒಂದು ವಿನಂತಿ. ಮದ್ಯ ಹರಾಮ್ ಎಂಬುದು ನಮ್ಮ ಮಕ್ಕಳಿಗೆ ಗೊತ್ತು. ಅದಕ್ಕೇ ಮುಚ್ಚಿಡುತ್ತಾರೆ, ಮುಚ್ಚಿಟ್ಟಷ್ಟೂ ಚಿಕಿತ್ಸೆ ತಡವಾಗುತ್ತದೆ. ಮಗ ಬಂದು "ಅಬ್ಬಾ, ನನಗೆ ಭಯ ಆಗ್ತಿದೆ" ಎಂದರೆ, ಬೈಯದೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂದು ನನ್ನ ಪಕ್ಕ ಸಹಪಾಠಿಯೊಬ್ಬರು ಸುಮ್ಮನೆ ಕುಳಿತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.