ಹುಬ್ಬಿಗೆ ತಕ್ಕ ಮುಖ, ಮುಖಕ್ಕೆ ತಕ್ಕ ಹುಬ್ಬು



ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕೂತವರಿಗೆ ಮೊದಲು ಸಿಗುವ ಅಪ್ಪಣೆ: "ಬಿಗಿಯಾಗಿ ಹಿಡ್ಕೊಳ್ಳಿ ಮೇಡಂ." ಒಂದು ಕೈಯಲ್ಲಿ ರೆಪ್ಪೆಯ ಚರ್ಮ, ಇನ್ನೊಂದರಲ್ಲಿ ಹಣೆಯದು. ಹುಬ್ಬು ತಿದ್ದುವಾಕೆಯ ಹಲ್ಲಿನ ನಡುವೆ ಹತ್ತಿ ದಾರದ ಒಂದು ತುದಿ, ಮಧ್ಯದಲ್ಲಿ ನಾಲ್ಕಾರು ಸುತ್ತು ಹುರಿ. ಬೆರಳು ಅಗಲಿಸಿದಂತೆಲ್ಲ ಆ ಹುರಿ ಸರ್ರನೆ ಸರಿದು ಕೂದಲನ್ನು ಬುಡಸಮೇತ ಕೀಳುತ್ತದೆ. ಕಣ್ಣಲ್ಲಿ ನೀರು, ಒಂದೆರಡು ಸೀನು. ನಡುವೆ ಆಕೆ ಕನ್ನಡಿ ನೋಡಿ, "ನಿಮ್ದು ದುಂಡು ಮುಖ, ಸ್ವಲ್ಪ ಏರಿಸ್ತೀನಿ" ಅನ್ನುತ್ತಾಳೆ.

ಮುಖ ನೋಡಿ ಹುಬ್ಬು ತಿದ್ದಬೇಕೆಂಬ ಈ ಮಾತು ಇಂದು ಎಲ್ಲ ಪಾರ್ಲರಿನಲ್ಲೂ ಕೇಳುತ್ತದೆ. ಆದರೆ ಇತಿಹಾಸದ ಉದ್ದಕ್ಕೂ ನಡೆದದ್ದು ಹೆಚ್ಚಾಗಿ ಇದಕ್ಕೆ ತದ್ವಿರುದ್ಧ. ಆಯಾ ಕಾಲಕ್ಕೆ ಒಂದೇ ಹುಬ್ಬು. ಮುಖ ಯಾವುದಿದ್ದರೂ ಅದಕ್ಕೆ ಒಗ್ಗಿಕೊಳ್ಳಬೇಕು.

ಪ್ರಾಚೀನ ಈಜಿಪ್ಟಿನಲ್ಲಿ ಗಂಡಸರೂ ಹೆಂಗಸರೂ ಹುಬ್ಬಿಗೆ ಕಪ್ಪು ತೀಡುತ್ತಿದ್ದರು. ಅಲ್ಲಿಗೆ ಹೋಗಿದ್ದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಸಂಗತಿ ಬರೆದಿಟ್ಟಿದ್ದಾನೆ: ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರಂತೆ. ನಾಯಿ ಸತ್ತರೆ ತಲೆ, ಮೈ ಎಲ್ಲವೂ.

ಹುಬ್ಬಿನ ಮೇಲೆ ಅತಿ ಕಟ್ಟುನಿಟ್ಟಿನ ಆಳ್ವಿಕೆ ನಡೆದದ್ದು ಜಪಾನಿನಲ್ಲಿ. 794ರಿಂದ 1185ರವರೆಗಿನ ಹೇಯಾನ್ ಕಾಲದಲ್ಲಿ ಕುಲೀನ ಮನೆತನದ ಹೆಂಗಸರು ಸಹಜ ಹುಬ್ಬನ್ನು ಕಿತ್ತು, ಮುಖಕ್ಕೆ ಬಿಳಿ ಪುಡಿ ಬಳಿದು, ಹಣೆಯ ಮೇಲ್ಭಾಗದಲ್ಲಿ ಎರಡು ಮಸುಕು ಬೊಟ್ಟುಗಳನ್ನು ಇಟ್ಟುಕೊಳ್ಳುತ್ತಿದ್ದರು. ಅದಕ್ಕೆ ಹಿಕಿಮಾಯು ಎಂದು ಹೆಸರು. ಹಲ್ಲಿಗೂ ಕಪ್ಪು. ಆ ಸಂಪ್ರದಾಯವನ್ನು ಧಿಕ್ಕರಿಸುವ ಹುಡುಗಿಯೊಬ್ಬಳ ಕಥೆ ಹಳೆಯ ಜಪಾನಿ ಕಥಾಸಂಕಲನವೊಂದರಲ್ಲಿದೆ. ಆಕೆಗೆ ಹುಳುಗಳೆಂದರೆ ಪ್ರಾಣ. ಹುಬ್ಬು ಕೀಳಿಸಿಕೊಳ್ಳಲಾರಳು, ಹಲ್ಲು ಕಪ್ಪಾಗಿಸಿಕೊಳ್ಳಲಾರಳು. ದಾಸಿಯರು ಅವಳ ಹುಬ್ಬನ್ನೂ ಕಂಬಳಿಹುಳುವೆಂದೇ ಆಡಿಕೊಳ್ಳುತ್ತಾರೆ. ಇಂದು ಅದೇ ದಟ್ಟ ಹುಬ್ಬಿಗಾಗಿ ಜನ ದುಡ್ಡು ಸುರಿಯುತ್ತಾರೆ, ನೋಡಿ! 1870ರಲ್ಲಿ ಮೇಯ್ಜಿ ಸರ್ಕಾರ ಕುಲೀನರಿಗೆ ಹುಬ್ಬು ಕೀಳುವ, ಹಲ್ಲು ಕಪ್ಪಾಗಿಸುವ ಎರಡೂ ಪದ್ಧತಿಗಳನ್ನು ನಿಷೇಧಿಸಿತು.

ಇರಾನಿನಲ್ಲಿ ಕಜಾರ್ ದೊರೆಗಳ ಕಾಲದ ಚಿತ್ರಗಳನ್ನು ನೋಡಿದರೆ ಚೆಲುವೆಯರೆಲ್ಲ ಕೂಡುಹುಬ್ಬಿನವರೇ. ಹುಬ್ಬಿನ ನಡುವೆ ಜಾಗವಿದ್ದವರು ಬಣ್ಣದಿಂದ ಸೇರಿಸಿಕೊಳ್ಳುತ್ತಿದ್ದರು. ಅಲ್ಲಿ ದಾರದಿಂದ ಮುಖದ ಕೂದಲು ತೆಗೆಸುವುದು ಮದುವೆಯ ಶಾಸ್ತ್ರಗಳಲ್ಲೊಂದಾಗಿತ್ತು. ದಾರದ ಈ ವಿದ್ಯೆ ಮೊದಲು ಅವರದೋ ನಮ್ಮದೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ.

ನಮ್ಮ ಶಾಸ್ತ್ರಕಾರರೂ ಮಾದರಿ ಹಾಕಿಕೊಟ್ಟವರೇ. ಶಿಲ್ಪಿಗೆ ಹೇಳಿದ್ದು ಎರಡು ಆಕಾರ, ಬೇವಿನ ಎಲೆ ಮತ್ತು ಬಿಲ್ಲು. ಚಿತ್ರಕಾರ ಅವನೀಂದ್ರನಾಥ ಟ್ಯಾಗೋರರು ಭಾರತೀಯ ಕಲೆಯ ಅಂಗರಚನೆಯ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಇದನ್ನು ಚಿತ್ರಸಮೇತ ವಿವರಿಸಿದ್ದಾರೆ. ಭರತನ ನಾಟ್ಯಶಾಸ್ತ್ರ ಮಾತ್ರ ಆಕಾರಕ್ಕಿಂತ ಚಲನೆಗೆ ಬೆಲೆ ಕೊಟ್ಟಿತು. ಹುಬ್ಬು ಎತ್ತುವುದು, ಇಳಿಸುವುದು, ಗಂಟಿಕ್ಕುವುದು, ಒಂದನ್ನೇ ಏರಿಸುವುದು, ಹೀಗೆ ಏಳು ಬಗೆ. ನನಗೆ ಅಲಂಕಾರದ ಪುಸ್ತಕಗಳಿಗಿಂತ ಇದೇ ಹೆಚ್ಚು ಜಾಣತನದ್ದೆನಿಸುತ್ತದೆ. ಕನ್ನಡಿಯ ಮುಂದೆ ಸುಮ್ಮನೆ ಕೂತ ಮುಖದ ಹುಬ್ಬೇ ಬೇರೆ, ಮಾತಾಡುವ ಮುಖದ್ದೇ ಬೇರೆ.

ಯುರೋಪಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಲ್ಲಿ ಒಂದು ಕಾಲಕ್ಕೆ ವಿಶಾಲ ಹಣೆಯ ಹುಚ್ಚು ಹತ್ತಿ ಹುಬ್ಬು, ಮುಂಗೂದಲು ಎರಡನ್ನೂ ಕಿತ್ತರು. ಹದಿನೆಂಟನೇ ಶತಮಾನದಲ್ಲಿ ಜೋನಾಥನ್ ಸ್ವಿಫ್ಟ್ ಇಲಿಚರ್ಮದ ಕೃತಕ ಹುಬ್ಬನ್ನು ಗೇಲಿ ಮಾಡಿ ಪದ್ಯ ಬರೆದ.

ಆಮೇಲೆ ಬಂತು ಸಿನಿಮಾ. 1930ರ ದಶಕದಲ್ಲಿ ಮಾರ್ಲೀನ್ ಡೀಟ್ರಿಚ್, ಜೀನ್ ಹಾರ್ಲೋ ಅವರ ಎಳೆಯಂಥ ಹುಬ್ಬನ್ನು ಜಗತ್ತೇ ನಕಲು ಮಾಡಿತು. ಸ್ವಂತದ್ದನ್ನು ಕಿತ್ತು, ಅದರ ಮೇಲೆ ಪೆನ್ಸಿಲಿನ ಗೆರೆ. ಐವತ್ತರ ದಶಕದಲ್ಲಿ ಆಡ್ರೆ ಹೆಪ್‌ಬರ್ನ್ ದಪ್ಪ ಹುಬ್ಬನ್ನು ಮರಳಿ ತಂದಳು. ತೊಂಬತ್ತರಲ್ಲಿ ಮತ್ತೆ ಸಣ್ಣದಾಯಿತು.

ಮುಖಕ್ಕೆ ತಕ್ಕಂತೆ ಅಳೆದು ತಿದ್ದುವುದಕ್ಕೆ ದೊಡ್ಡ ಹೆಸರು ತಂದವರಲ್ಲಿ ರುಮೇನಿಯಾದಿಂದ ಅಮೆರಿಕಕ್ಕೆ ಬಂದ ಅನಸ್ತಾಸಿಯಾ ಸೊವಾರೆ ಒಬ್ಬರು. 1997ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಸ್ವಂತ ಸಲೂನ್ ತೆರೆದ ಆಕೆ ಚಿತ್ರಕಲೆಯ ಪ್ರಮಾಣಗಳನ್ನು ಹುಬ್ಬಿಗೆ ತಂದರು. ಇಂದು ಎಲ್ಲೆಡೆ ಹೇಳಿಕೊಡುವ ಲೆಕ್ಕ ಇಷ್ಟು: ಮೂಗಿನ ಹೊಳ್ಳೆಯ ನೇರಕ್ಕೆ ಹುಬ್ಬು ಶುರು. ಹೊಳ್ಳೆಯಿಂದ ಕಣ್ಣಿನ ಹೊರಮೂಲೆಯ ಮೂಲಕ ಒಂದು ಗೆರೆ ಎಳೆದರೆ ಅಲ್ಲಿ ಕೊನೆ. ಏರು ಬರಬೇಕಾದ್ದು ಕಣ್ಣಾಲಿಯಿಂದ ಸ್ವಲ್ಪ ಆಚೆ. ದುಂಡು ಮುಖಕ್ಕೆ ಏರು ಹೆಚ್ಚಿಸಿದರೆ ಮುಖ ಉದ್ದ ಕಾಣುತ್ತದೆ. ಉದ್ದ ಮುಖಕ್ಕೆ ಚಪ್ಪಟೆ ಹುಬ್ಬೇ ಚೆಂದ. ಮನೆಯಲ್ಲಿ ಪೆನ್ಸಿಲ್ಲೊಂದನ್ನು ಹಿಡಿದು ನೀವೂ ನೋಡಬಹುದು. ಎಡ ಬಲ ಎರಡೂ ಒಂದೇ ಸಮ ಬಾರದಿದ್ದರೆ ಗಾಬರಿ ಬೇಡ, ಯಾರದೂ ಬರುವುದಿಲ್ಲ. ಸಮ ಮಾಡಲು ಹೋಗಿ ಈ ಕಡೆ ಎರಡು, ಆ ಕಡೆ ಎರಡು ಅಂತ ಕೀಳುತ್ತಾ ಹೋದವರೇ ಕೊನೆಗೆ ಪಶ್ಚಾತ್ತಾಪ ಪಡುವುದು.

ಹುಬ್ಬಿನ ಮಹತ್ವ ಬರೀ ಅಂದಕ್ಕಲ್ಲ. 2003ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಪ್ರಸಿದ್ಧರ ಫೋಟೋಗಳಲ್ಲಿ ಕಣ್ಣು ಅಳಿಸಿಯೂ ತೋರಿಸಿದರು, ಹುಬ್ಬು ಅಳಿಸಿಯೂ ತೋರಿಸಿದರು. ಹುಬ್ಬಿಲ್ಲದ ಮುಖಗಳ ಗುರುತು ಹಿಡಿಯುವುದೇ ಜನರಿಗೆ ಹೆಚ್ಚು ಕಷ್ಟವಾಯಿತು.

ಇಂಥ ಹುಬ್ಬನ್ನು ಕೀಳುವ ಮೊದಲು ಒಂದು ಮಾತು. ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತದೆ. ಹುಬ್ಬಿನ ಕೂದಲು ಬೆಳೆಯುವುದು ಕೆಲವು ವಾರಗಳಷ್ಟೇ, ಹಾಗಾಗಿಯೇ ಅದು ಗಿಡ್ಡ. ಮತ್ತೆ ಮತ್ತೆ ಕಿತ್ತರೆ ಬುಡ ಸೊರಗಿ ಕೆಲವೆಡೆ ಮರಳಿ ಬರುವುದೇ ಇಲ್ಲ. ತೊಂಬತ್ತರ ದಶಕದಲ್ಲಿ ಎಳೆಯಷ್ಟೇ ಉಳಿಸಿಕೊಂಡಿದ್ದ ಎಷ್ಟೋ ಮಂದಿ ಈಗ ಮೈಕ್ರೋಬ್ಲೇಡಿಂಗ್ ಮಾಡಿಸಿಕೊಳ್ಳುತ್ತಿದ್ದಾರೆ. ಸೂಜಿಮೊನೆಯಿಂದ ಚರ್ಮ ಗೀರಿ, ಬಣ್ಣ ತುಂಬಿ, ಒಂದೊಂದೇ ಕೂದಲನ್ನು ಬರೆಯುವ ಕೆಲಸ ಅದು. ಬಣ್ಣ ವರ್ಷವೊಪ್ಪತ್ತಿನಲ್ಲಿ ಮಾಸುತ್ತದೆ, ಮತ್ತೆ ಬರೆಸಬೇಕು.