ಶಿಖರಕ್ಕೆ ನಿಧಾನದ ದಾರಿ



ಪರ್ವತಾರೋಹಣದ ಚಿತ್ರಗಳನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಬುಡದಿಂದ ಹೊರಟವರು ಎರಡೇ ನಿಮಿಷದಲ್ಲಿ ತುದಿಯಲ್ಲಿ ನಿಂತು ಕೈಬೀಸುತ್ತಾರೆ. ನಡುವಿನ ಗಂಟೆಗಳನ್ನು ನಮ್ಮಂಥ ನಿರ್ಮಾಪಕರು ಸಂಕಲನದ ಮೇಜಿನಲ್ಲಿ ಕತ್ತರಿಸಿರುತ್ತೇವೆ. ಹಾಗೆ ಬಿಟ್ಟುಹೋದ ಗಂಟೆಗಳ ಬಗ್ಗೆ ಇಂದು ಮಾತನಾಡೋಣ. ಉದಾಹರಣೆಗೆ ಜಪಾನಿನ ಫ್ಯೂಜಿ ಪರ್ವತವನ್ನು ತೆಗೆದುಕೊಳ್ಳೋಣ.

ಫ್ಯೂಜಿ ಒಂದು ಜ್ವಾಲಾಮುಖಿ. ಅದು ಕೊನೆಯ ಬಾರಿ ಸಿಡಿದದ್ದು 1707ರಲ್ಲಿ. ಎತ್ತರ 3,776 ಮೀಟರ್. ಅಲ್ಲಿನ ಬೇಸಿಗೆಯಲ್ಲಿ, ಜುಲೈ ಆರಂಭದಿಂದ ಸೆಪ್ಟೆಂಬರ್ 10ರ ತನಕ, ಚಾರಣದ ದಾರಿಗಳು ತೆರೆದಿರುತ್ತವೆ. ಹೆಚ್ಚು ಜನ ಹಿಡಿಯುವ ಯೋಶಿದಾ ದಾರಿಯ ‘ಐದನೆಯ ನಿಲ್ದಾಣ’ದವರೆಗೆ ಬಸ್ಸಿದೆ. ಆ ನಿಲ್ದಾಣವೇ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ನಮ್ಮಲ್ಲಿ ಹತ್ತುವುದು ಮುಗಿಯುವ ಎತ್ತರಕ್ಕಿಂತ ಮೇಲೆ ಅಲ್ಲಿ ಹತ್ತುವುದು ಶುರುವಾಗುತ್ತದೆ!

ಅಲ್ಲಿಂದ ತುದಿಗೆ ಸುಮಾರು ಆರು ಗಂಟೆಯ ಏರು. ಕಾಲ ಕೆಳಗೆ ಜಾರುವ ಲಾವಾ ಕಲ್ಲು, ಬೂದಿಮಣ್ಣು. ಆದರೆ ನಿಜವಾದ ಕಷ್ಟ ಕಾಲಿನದಲ್ಲ, ಉಸಿರಿನದು. ಎತ್ತರದಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ ಎಂದು ಅನೇಕರು ಹೇಳುತ್ತಾರೆ. ಪ್ರಮಾಣ ಅಲ್ಲಿಯೂ ಶೇಕಡಾ 21ರಷ್ಟೇ. ಕಡಿಮೆಯಾಗುವುದು ವಾಯುವಿನ ಒತ್ತಡ. ಫ್ಯೂಜಿಯ ತುದಿಯಲ್ಲಿ ಅದು ಸಮುದ್ರಮಟ್ಟದ ಒತ್ತಡದ ಮೂರನೆಯ ಎರಡರಷ್ಟಕ್ಕಿಂತ ತುಸು ಕಡಿಮೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಇಳಿಯುತ್ತದೆ. ಇದನ್ನು ಸರಿದೂಗಿಸಲು ದೇಹ ಉಸಿರಾಟದ ವೇಗ ಹೆಚ್ಚಿಸುತ್ತದೆ, ಹೃದಯದ ಬಡಿತ ಹೆಚ್ಚಿಸುತ್ತದೆ. ಆದರೆ ಈ ಹೊಂದಾಣಿಕೆಗೆ ಸಮಯ ಬೇಕು. ಸಮಯ ಕೊಡದೆ ಏರಿದರೆ ತಲೆನೋವು, ವಾಕರಿಕೆ, ತಲೆಸುತ್ತು. ಇದೇ ಎತ್ತರದ ಕಾಯಿಲೆ. ಓಟದ ಪಂದ್ಯದಲ್ಲಿ ಬಹುಮಾನ ಗೆದ್ದವರನ್ನೂ ಇದು ಬಿಡುವುದಿಲ್ಲ.

ಜೊತೆಗೆ ಚಳಿ. ಪ್ರತಿ ನೂರು ಮೀಟರ್ ಏರಿದಂತೆ ಉಷ್ಣತೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಸಮುದ್ರತೀರದಲ್ಲಿ 30 ಡಿಗ್ರಿ ಸೆಕೆಯಿದ್ದರೆ ತುದಿಯಲ್ಲಿ ಏಳೆಂಟು ಡಿಗ್ರಿ. ಗಾಳಿ, ಮಳೆ ಸೇರಿದರೆ ಹತ್ತಿಯ ಅಂಗಿ ತೊಟ್ಟವರ ಪಾಡು ಕೇಳಬೇಡಿ.

ಶಿಖರದ ಮೇಲಿನ ಸೂರ್ಯೋದಯ ಜಪಾನೀಯರಿಗೆ ಬಲು ಪ್ರಿಯ. ಅದನ್ನು ನೋಡಲೆಂದು ಕೆಲವರು ಸಂಜೆ ಹೊರಟು, ಎಲ್ಲಿಯೂ ಮಲಗದೆ, ರಾತ್ರಿಯಿಡೀ ಏರುತ್ತಾರೆ. ಅಲ್ಲಿ ಇದಕ್ಕೆ ‘ಗುಂಡಿನಂತೆ ಏರುವುದು’ ಎಂಬ ಹೆಸರೇ ಇದೆ. ಬಂದೂಕಿನ ಗುಂಡು ತಾನೇ ನಡುವೆ ನಿಲ್ಲುವುದಿಲ್ಲ! ನಿದ್ದೆಯಿಲ್ಲದ ದೇಹ, ಕತ್ತಲು, ಚಳಿ, ತೆಳುಗಾಳಿ ಎಲ್ಲವೂ ಒಂದಾದರೆ ಅಪಾಯ. ಆದ್ದರಿಂದ 2024ರಲ್ಲಿ ಯೋಶಿದಾ ದಾರಿಗೆ ಒಂದು ಗೇಟು ಬಂತು. ದಿನಕ್ಕೆ 4,000 ಚಾರಣಿಗರ ಮಿತಿ ಬಂತು. ಸಂಜೆ 4ರಿಂದ ಬೆಳಗಿನ ಜಾವ 3ರವರೆಗೆ, ದಾರಿಯ ಗುಡಿಸಲುಗಳಲ್ಲಿ ತಂಗಲು ಜಾಗ ಕಾದಿರಿಸಿದವರಿಗೆ ಮಾತ್ರ ಪ್ರವೇಶ. 2025ರಲ್ಲಿ ಗೇಟು ಮಧ್ಯಾಹ್ನ 2ಕ್ಕೇ ಮುಚ್ಚಿತು. ‘ನಿಧಾನವೇ ಪ್ರಧಾನ’ ಎಂಬ ನಮ್ಮ ಹಿರಿಯರ ಮಾತು ಅಲ್ಲಿ ನಿಯಮವೇ ಆಯಿತು ಎನ್ನಬಹುದು.

ಜುಂಕೊ ತಬೈ ಹೆಸರು ಕೇಳಿದ್ದೀರಾ? 1975ರಲ್ಲಿ ಎವರೆಸ್ಟ್ ಏರಿದ ಪ್ರಪಂಚದ ಮೊದಲ ಮಹಿಳೆ. 2011ರ ಭೂಕಂಪ, ಸುನಾಮಿಗಳಲ್ಲಿ ನೊಂದ ಪ್ರದೇಶದ ಪ್ರೌಢಶಾಲೆಯ ಮಕ್ಕಳನ್ನು 2012ರಿಂದ ಆಕೆ ಬೇಸಿಗೆಯಲ್ಲಿ ಫ್ಯೂಜಿಗೆ ಕರೆದೊಯ್ಯುತ್ತಿದ್ದರು. 2016ರ ಜುಲೈನಲ್ಲಿ ಕ್ಯಾನ್ಸರಿನಿಂದ ಬಳಲುತ್ತಿದ್ದರೂ ಮಕ್ಕಳೊಡನೆ ಹೊರಟರು. ಆ ಸಲ ತುದಿಗೆ ಹೋಗಲಿಲ್ಲ; ಸುಮಾರು 3,000 ಮೀಟರ್ ತನಕ ಏರಿ ನಿಂತರು. ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು. ಎವರೆಸ್ಟ್ ಏರಿದವರೇ ಫ್ಯೂಜಿಯಲ್ಲಿ ತುದಿಗೆ ಮುಂಚೆ ನಿಂತರೆಂದರೆ, ನಡುದಾರಿಯಲ್ಲಿ ನಿಲ್ಲುವುದು ನಾಚಿಕೆಯ ಸಂಗತಿಯಲ್ಲ.

ಎಂದಾದರೂ ಎತ್ತರದ ಬೆಟ್ಟಕ್ಕೆ ಹೊರಟರೆ ಇಷ್ಟು ನೆನಪಿಡಿ. ಹೊರಡುವ ಮುಂಚೆ ಎತ್ತರಕ್ಕೆ ಒಗ್ಗಿಕೊಳ್ಳಲು ಬಿಡುವು ಕೊಡಿ. ಪಕ್ಕದವರೊಡನೆ ಮಾತನಾಡಲು ಆಗುವಷ್ಟೇ ವೇಗದಲ್ಲಿ ನಡೆಯಿರಿ. ಆಗಾಗ ನೀರು ಕುಡಿಯಿರಿ. ತಲೆನೋವು ಬಂದರೆ ಮೇಲೇರಬೇಡಿ, ಹೆಚ್ಚಾದರೆ ಕೆಳಗಿಳಿಯಿರಿ. ಇಳಿಯುವುದೇ ಅದಕ್ಕೆ ಮೊದಲ ಔಷಧಿ. ಗೆಳೆಯನಿಗೆ ತಲೆಸುತ್ತಿದರೆ ಅವನೊಬ್ಬನನ್ನೇ ಕೆಳಗೆ ಕಳಿಸಿ, ನೀವು ಮಾತ್ರ ತುದಿಗೆ ಹೋಗಬೇಡಿ. ತುದಿ ಮುಟ್ಟಿದ ಮೇಲೂ ಇನ್ನೂ ಮೂರು ನಾಲ್ಕು ಗಂಟೆಯ ಇಳಿಜಾರು ಬಾಕಿಯಿರುತ್ತದೆ. ಅದಕ್ಕೂ ಶಕ್ತಿ ಉಳಿಸಿಕೊಳ್ಳಿ.